ಸೊಂಟದಿಂದ ಹೊರಟ ವೇಗ

ಗಾಲ್ಫ್ ಆಟವನ್ನು ದೂರದಿಂದ ನೋಡುವವರಿಗೆ ಚೆಂಡನ್ನು ಹೊಡೆಯುವುದು ತೋಳೆಂದೇ ತೋರುವುದು. ಆ ಹೊಡೆತ ಸೊಂಟದಿಂದ ಹೊರಡಬೇಕೆಂದು ಸಾರಿದವನು ಅಮೆರಿಕದ ಬೆನ್ ಹೋಗನ್. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದವನೂ ಅವನೇ!

1949ರ ಫೆಬ್ರವರಿ 2ರಂದು ಟೆಕ್ಸಾಸಿನ ಹೆದ್ದಾರಿಯಲ್ಲಿ ಎದುರಿನಿಂದ ಬಂದ ಬಸ್ಸೊಂದು ಅವನ ಕಾರಿಗೆ ಅಪ್ಪಳಿಸಿತು. ಹೆಂಡತಿಯನ್ನು ಕಾಪಾಡಲು ಅವನು ಅಡ್ಡ ಬಿದ್ದ. ಸೊಂಟದ ಎಲುಬೂ ಕೊರಳೆಲುಬೂ ಮುರಿದವು. ಇನ್ನು ಇವನು ನಡೆದಾನೆಯೇ ಎಂದು ಶಂಕಿಸಿದವರುಂಟು. ಆದರೂ 1950ರ ಜೂನಿನಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು, ಮೆರಿಯನ್ ಮೈದಾನದಲ್ಲಿ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದ.

1957ರಲ್ಲಿ ಬಂದ ಅವನ 'ಫೈವ್ ಲೆಸನ್ಸ್' ಪುಸ್ತಕದ ಬೋಧೆಯಿದು: ಮೇಲೆತ್ತಿದ ಕೋಲು ಕೆಳಗಿಳಿಯುವಾಗ ಮೊದಲು ತಿರುಗಬೇಕಾದುದು ಸೊಂಟ, ಭುಜ, ತೋಳು, ಕೈಗಳು ಅದರ ಬೆನ್ನಿಗೆ ಬರಬೇಕು.

ಇದರ ಮರ್ಮವನ್ನು 1968ರಲ್ಲಿ ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ತಮ್ಮ ಗ್ರಂಥದಲ್ಲಿ ವಿಜ್ಞಾನದ ರೀತಿಯಲ್ಲಿ ಬಿಡಿಸಿಟ್ಟರು. ಕಾಲು, ಸೊಂಟ, ಬೆನ್ನುಗಳ ದೊಡ್ಡ ಸ್ನಾಯುಗಳು ಹುಟ್ಟಿಸಿದ ಶಕ್ತಿ ತೋಳಿಗೆ ಸಾಗಿ, ಮಣಿಕಟ್ಟಿನ ಕೀಲಿನಲ್ಲಿ ಕೋಲಿಗೆ ದಾಟುತ್ತದೆ. ಆಗ ಕೈಗಳ ವೇಗ ಇಳಿಯುವುದು, ಕೋಲಿನ ತುದಿಯ ವೇಗ ಏರುವುದು. ಚಾವಟಿ ಬೀಸಿ ಬಲ್ಲವರಿಗೆ ಇದು ಹೊಸತಲ್ಲ. ಹಿಡಿ ತಡೆದಾಗಲೇ ತುದಿ ಛಟೀರೆನ್ನುವುದು.

ಮೈಯನ್ನು ಬರಿದೇ ಜೋರಾಗಿ ತಿರುಗಿಸಿದವನಿಗೆ ಈ ವೇಗ ಒಲಿಯದು. ಸರದಿ ತಪ್ಪಿದರೆ ಬಲವೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ.