ಪಾಠಕ್ಕೆಂದು ಬಂದ ಟಿವಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಈಗ ಟಿವಿ ಇಲ್ಲದ ಮನೆ ಅಪರೂಪ. ಆದರೆ ಕನ್ನಡದ ಹಳ್ಳಿಗಳಿಗೆ ಟಿವಿ ಮೊದಲು ಬಂದದ್ದು ಧಾರಾವಾಹಿಗಾಗಿ ಅಲ್ಲ, ಪಾಠಕ್ಕಾಗಿ.

1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ಮತ್ತು ನಾಸಾ ಸೇರಿ ‘ಸೈಟ್’ ಎಂಬ ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಚಿತ್ರ ಹಿಡಿಯುವ ಟಿವಿಗಳನ್ನು ಇಡಲಾಯಿತು. ನಮ್ಮ ರಾಜ್ಯದಲ್ಲಿ ಆ ಅವಕಾಶ ಸಿಕ್ಕಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ನಮ್ಮ ಚಿತ್ರದುರ್ಗ ಪಟ್ಟಿಯಲ್ಲಿರಲಿಲ್ಲ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಅರ್ಧ ಗಂಟೆಗೂ ಕಡಿಮೆ ಹೊತ್ತಿನ ಕಾರ್ಯಕ್ರಮ. ಊರಿಗೆಲ್ಲ ಒಂದೇ ಟಿವಿ, ಅದಕ್ಕೊಂದು ಹೊತ್ತು.

ಆ ಹೊತ್ತಿನ ಲೆಕ್ಕ ನಿಧಾನವಾಗಿ ತಪ್ಪಿತು. 1987ರಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರದ ಬೆಳಗು ಟಿವಿಯ ಪಾಲಾಯಿತು. 1994ರಲ್ಲಿ ಉದಯ ಟಿವಿ ಬಂತು. ಆಮೇಲೆ ಕೇಬಲ್, ಡಿಶ್, ಮೊಬೈಲ್. ಈಗ ಮಗು ಅತ್ತರೆ ಟಿವಿ, ಉಣ್ಣದಿದ್ದರೆ ಟಿವಿ.

ಟಿವಿ ನೋಡಿದರೆ ಕಣ್ಣು ಹೋಗುತ್ತದೆ ಎಂಬ ಹಿರಿಯರ ಮಾತು ಅಕ್ಷರಶಃ ನಿಜವಲ್ಲ. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯಬಹುದು, ಅಷ್ಟೇ. ನಿಜವಾದ ನಷ್ಟ ಬೇರೆ ಕಡೆ ಇದೆ. ಮನೆಯೊಳಗೇ ಕೂತ ಮಗುವಿಗೆ ಹೊರಗಿನ ಬೆಳಕು ತಪ್ಪುತ್ತದೆ. ಆ ಬೆಳಕು ಕಡಿಮೆಯಾದಷ್ಟೂ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗಿ ಸಮೀಪದೃಷ್ಟಿ ಬರುವ ಸಂಭವ ಹೆಚ್ಚು. ಮಳೆಗೆ ಬರವಿದ್ದರೂ ಬಿಸಿಲಿಗೆ ಬರವಿಲ್ಲದ ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಬೆಳಕಿನ ಬರ ಬರಬಾರದು. ಮಧ್ಯಾಹ್ನದ ಉರಿಬಿಸಿಲು ಬೇಡ, ಬೆಳಿಗ್ಗೆ ಮತ್ತು ಸಂಜೆಯ ಆಟ ಸಾಕು.

ಕಲಿಕೆಯ ಮಾತೂ ಹೀಗೆಯೇ. ಎಳೆಯ ಮಗು ಮಾತು ಕಲಿಯುವುದು ಎದುರು ಮಾತಾಡುವವರಿಂದ. ಟಿವಿ ಮಾತಾಡುತ್ತದೆ, ಆದರೆ ಮಗುವಿನ ತೊದಲಿಗೆ ಉತ್ತರ ಕೊಡುವುದಿಲ್ಲ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದಿತು.

ಕೊನೆಗೊಂದು ಮಾತು. ಟಿವಿಗೆ ಅಂಟಿಕೊಂಡು ಕೂರುವ ಮಗುವನ್ನು ಬೈಯುವ ಮೊದಲು ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಹತ್ತಿರ ಕೂತದ್ದರಿಂದ ಕಣ್ಣು ಮಂಜಾಗಿರುವುದಿಲ್ಲ, ಮಂಜಾದದ್ದರಿಂದ ಮಗು ಹತ್ತಿರ ಕೂತಿರುತ್ತದೆ. ಅದೇ ಮಗು ಶಾಲೆಯಲ್ಲಿ ಬೋರ್ಡ್ ಕಾಣದೆ ಸುಮ್ಮನೆ ಕೂತಾಗ ನಾವು ಅದನ್ನು ‘ದಡ್ಡ’ ಎಂದುಬಿಡುತ್ತೇವೆ. ಒಂದು ಕನ್ನಡಕದಲ್ಲಿ ಮುಗಿಯುವ ಕೆಲಸಕ್ಕೆ ಆ ಹೆಸರು ಜೀವನಪೂರ್ತಿ ಉಳಿಯುವುದು ಬೇಡ.