ಹಳೇ ಮನೆಗೆ ಓಡಿದ ಬೆಕ್ಕು, ಅಜ್ಜಿ ಹೇಳಿದ ಪ್ಲೇಗಿನ ಕಥೆ

ಈ ಸಲ ಬೆಳೆ ವಿಚಾರ ಅಲ್ಲ, ನಮ್ಮನೆ ಬೆಕ್ಕಿನ ವಿಚಾರ. ಆದ್ರೆ ಓದ್ತಾ ಹೋದ್ರೆ ಇದೂ ರಾಗಿ ವಿಚಾರವೇ ಅಂತ ನಿಮಗೇ ಗೊತ್ತಾಗುತ್ತೆ.

ಊರೊಳಗಿನ ನಮ್ಮ ನಾಡಹೆಂಚಿನ ಮನೆ ಸೋರ್ತಿತ್ತು. ಯುಗಾದಿ ಕಳೆದ ಮೇಲೆ ತೋಟದ ಹತ್ರ ಕಟ್ಟಿದ ಹೊಸ ಮನೆಗೆ ಬಂದ್ವಿ. ಅರ್ಧ ಕಿಲೋಮೀಟರ್ ದೂರ ಅಷ್ಟೆ. ದನ ಬಂದ್ವು, ನಾಯಿ ನಮ್ಮ ಹಿಂದೆನೇ ಬಂತು. ಬೆಕ್ಕು ಕೆಂಚನ್ನ ಗೋಣಿಚೀಲದಲ್ಲಿ ಹಾಕ್ಕೊಂಡು ಬಂದು ಹಾಲಿಟ್ಟೆ. ಕುಡೀತು. ಬೆಳಿಗ್ಗೆ ನೋಡಿದ್ರೆ ಇಲ್ಲ. ಹಳೇ ಮನೆ ಜಗಲಿ ಮೇಲೆ ಕೂತಿತ್ತು. ಮೂರು ಸಲ ತಂದೆ, ಮೂರು ಸಲಾನೂ ಓಡಿತು. ಅಷ್ಟರಲ್ಲಿ ಹೊಸ ಮನೆಯಲ್ಲಿ ಎರಡು ರಾಗಿ ಚೀಲ ಇಲಿ ತೂತು ಮಾಡಿದ್ವು. ಅತ್ತ ಹಳೇ ಮನೆ ಪಕ್ಕದವರು, "ಇಲಿ ಕಾಟ ತಡೆಯೋಕಾಗ್ತಿಲ್ಲ ಅಣ್ಣ, ಪಾಷಾಣ ಇಡ್ತೀನಿ" ಅಂದ್ರು. ನನ್ನ ಎದೆ ಧಸಕ್ಕೆಂತು.

ಆಗ ನೆನಪಾಗಿದ್ದು ನಮ್ಮಜ್ಜಿ. ಅವರ ಚಿಕ್ಕಂದಿನಲ್ಲಿ ಪ್ಲೇಗು ಬಂದಾಗ, ಮನೇಲಿ ಇಲಿ ಸತ್ತು ಬಿತ್ತು ಅಂದ್ರೆ ಇಡೀ ಊರು ಬಾಗಿಲು ಹಾಕ್ಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕ್ತಿತ್ತಂತೆ. ತಿಂಗಳುಗಟ್ಟಲೆ ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ನಾಯಿಗಳು ಜನರ ಜೊತೆ ಹೋದ್ವು. ಬೆಕ್ಕುಗಳು ಮಾತ್ರ ಎಷ್ಟು ಸಲ ಹೊತ್ಕೊಂಡು ಹೋದ್ರೂ ಖಾಲಿ ಊರಿಗೇ ವಾಪಸ್. ಸಂಜೆ ಹೊಲದಿಂದ ನೋಡಿದ್ರೆ ಸೂರಿನ ಮೇಲೆ ಓಡಾಡೋದು ಕಾಣ್ತಿತ್ತಂತೆ. "ನಾಯಿ ಒಡೆಯನ್ನ ನೋಡ್ತದೆ, ಬೆಕ್ಕು ಒಲೆ ನೋಡ್ತದೆ" ಅಂತಿದ್ರು ಅಜ್ಜಿ.

ಆ ರೋಗ 1896ರಲ್ಲಿ ಮುಂಬಯಿಗೆ ಬಂತು, 1898ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಮ್ಮ ಸೀಮೆ ಬಿಡಲಿಲ್ಲ. ಇಲಿ ಮೈಮೇಲಿನ ಚಿಗಟದಿಂದ ಮನುಷ್ಯರಿಗೆ ಹರಡೋದು ಅಂತ ಆಮೇಲೆ ಗೊತ್ತಾಯ್ತು. ಬುಕನನ್ ಅನ್ನೋ ಸರ್ಕಾರಿ ವೈದ್ಯರೊಬ್ಬರು 1908ರಲ್ಲಿ, ಬೆಕ್ಕು ಹೆಚ್ಚಿರೋ ಹಳ್ಳಿಗಳಲ್ಲಿ ಪ್ಲೇಗು ಕಮ್ಮಿ, ಮನೆ ಮನೆಗೂ ಬೆಕ್ಕು ಸಾಕಬೇಕು ಅಂತ ಬರೆದರು. (1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಬೇರೆ, ಇವರು ಬೇರೆ.) ಬೆಕ್ಕಿಗೂ ಪ್ಲೇಗು ತಗಲುತ್ತೆ, ಅದರಿಂದ ಮನುಷ್ಯರಿಗೂ ಬರಬಹುದು ಅಂತ ಈಗ ತಿಳಿದಿದೆ. ಆದ್ರೂ ಇಲಿ ಇರೋ ಕಡೆ ಬೆಕ್ಕು ಬೇಕು ಅನ್ನೋ ಲೆಕ್ಕ ಬಹಳ ಹಳೇದು.

ಎಷ್ಟು ಹಳೇದು ಅಂದ್ರೆ, ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷದ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಮಣ್ಣು ಮಾಡಿದ್ದಾರೆ. 2004ರಲ್ಲಿ ಅದು ಜಗತ್ತಿಗೆ ಗೊತ್ತಾಯ್ತು. ಆ ದ್ವೀಪದಲ್ಲಿ ಮೊದಲಿಂದ ಬೆಕ್ಕೇ ಇರಲಿಲ್ಲ, ಅಂದ್ರೆ ದೋಣಿಯಲ್ಲಿ ಕರ್ಕೊಂಡು ಹೋಗಿರಬೇಕು. ನಾಯಿ ಮನುಷ್ಯನ ಜೊತೆ ಸೇರಿದ್ದು ಬೇಟೆ ಕಾಲದಲ್ಲಿ. ಬೆಕ್ಕು ಸೇರಿದ್ದು ಬೇಸಾಯ ಶುರುವಾದ ಮೇಲೆ. ಪಶ್ಚಿಮ ಏಷ್ಯಾದಲ್ಲಿ ಜನ ಗೋಧಿ, ಜವೆ ಕೂಡಿಟ್ಟರು, ಕಾಳಿಗೆ ಇಲಿ ಬಂತು, ಇಲಿಗೆ ಕಾಡುಬೆಕ್ಕು ಬಂತು. ಯಾರೂ ಹಿಡಿದು ಕಟ್ಟಲಿಲ್ಲ, ತಾನಾಗೇ ಬಂದು ಉಳೀತು. ಅದು ನಂಬಿ ಬಂದಿದ್ದು ಕಣಜವನ್ನ, ನಮ್ಮನ್ನಲ್ಲ.

ನಮ್ಮ ಕಡೆ ರಾಗಿ ಹಗೇವಿನಲ್ಲಿ ಇರ್ತಿತ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದ್ರೆ ಇಲಿಗೆ ದಾರಿಯಿಲ್ಲ, ವರ್ಷಗಟ್ಟಲೆ ಕೆಡ್ತಿರಲಿಲ್ಲ. ಹಗೇವು ಮುಚ್ಚಿ ಚೀಲಕ್ಕೆ ಬಂದ ಮೇಲೆ ನಮಗೆ ಬೆಕ್ಕಿನ ಅವಶ್ಯಕತೆ ಜಾಸ್ತಿನೇ ಆಗಿದೆ.

ಅಮೆರಿಕದಲ್ಲಿ ಹೆರಿಕ್ ಅನ್ನೋ ಪ್ರೊಫೆಸರು ಒಂದು ಮರಿ ಹಾಕಿದ ಬೆಕ್ಕನ್ನ ಚೀಲದಲ್ಲಿ ಕಟ್ಟಿ, ಒಂದರಿಂದ ನಾಲ್ಕು ಮೈಲಿಗೂ ಮಿಕ್ಕಿ ದೂರ ಬಿಟ್ಟು ನೋಡಿ 1922ರಲ್ಲಿ ಬರೆದಿದ್ದಾರೆ. ಅದು ಮರಿಗಳ ಹತ್ರ ವಾಪಸ್ ಬಂತು. ಇನ್ನು ಅರ್ಧ ಕಿಲೋಮೀಟರು ನಮ್ಮ ಕೆಂಚನಿಗೆ ಯಾವ ಲೆಕ್ಕ?

ಅಂದ್ಮೇಲೆ ನಾನು ಮಾಡಬೇಕಾಗಿದ್ದು ಕೆಂಚನ್ನ ಹಿಡಿದಿಡೋದಲ್ಲ, ಹೊಸ ಮನೆಯನ್ನ ಅವನ ಮನೆ ಮಾಡೋದು. ಮೊದಲು ಪಕ್ಕದವರ ಹತ್ರ ಹೋಗಿ ಇಪ್ಪತ್ತೊಂದು ದಿನ ಪಾಷಾಣ ಇಡಬೇಡಿ ಅಂತ ಕೇಳಿ, ನಮ್ಮ ಎರಡು ಇಲಿಬೋನು ಕೊಟ್ಟು ಬಂದೆ. ಈಗಿನ ಎಷ್ಟೋ ಇಲಿ ಬಿಸ್ಕತ್ತು ತಿಂದ ಇಲಿ ಅಲ್ಲೇ ಸಾಯಲ್ಲ. ನಾಲ್ಕೈದು ದಿನ ಮಂಕಾಗಿ ಓಡಾಡುತ್ತೆ, ಬೆಕ್ಕಿಗೆ ಸುಲಭವಾಗಿ ಸಿಗುತ್ತೆ, ವಿಷ ಬೆಕ್ಕಿಗೂ ಹತ್ತುತ್ತೆ. ಅವರ ಮನೆಯಾಕೆ ಪಾಪ ಕನಿಕರಕ್ಕೆ ದಿನಾ ಅನ್ನ ಇಡ್ತಿದ್ರು. "ಅಮ್ಮ, ಸ್ವಲ್ಪ ದಿನ ಕಲ್ಲು ಮನಸ್ಸು ಮಾಡ್ಕೊಳ್ಳಿ" ಅಂತ ಅದನ್ನೂ ನಿಲ್ಲಿಸಿದೆ.

ಕೆಂಚನ್ನ ತಂದು ರಾಗಿ ಚೀಲ ಇರೋ ರೂಮಲ್ಲೇ ಮೂರು ವಾರ ಕೂಡಿದೆ. ಹಳೇ ಮನೇಲಿ ಅವನು ಮಲಗ್ತಿದ್ದ ಗೋಣಿತಾಟನ್ನ ಒಗೀದೆ ಹಾಗೇ ಹಾಸಿದೆ. ಒಂದು ಬಾಂಡ್ಲಿಯಲ್ಲಿ ಮಣ್ಣಿಟ್ಟೆ. ಬೆಳಿಗ್ಗೆ, ಸಂಜೆ ಒಂದೇ ಹೊತ್ತಿಗೆ ತಟ್ಟೆ ಬಡಿದು ಊಟ. ಮೊದಲ ಎರಡು ರಾತ್ರಿ ಕೂಗಿದ್ದಕ್ಕೆ ನಮಗ್ಯಾರಿಗೂ ನಿದ್ದೆ ಇಲ್ಲ. ನಾಲ್ಕನೇ ದಿನ ಒಂದು ಇಲಿ ಹಿಡಿದ, ಆಮೇಲೆ ಕೂಗು ಕಮ್ಮಿಯಾಯ್ತು. ಗಂಡು ಬೆಕ್ಕು ಹೆಣ್ಣು ಹುಡುಕಿಕೊಂಡು ಅಲೆಯುತ್ತೆ ಅಂತ ಪಶುವೈದ್ಯರು ಹೇಳಿದ ಮೇಲೆ ಆಪರೇಷನ್ನೂ ಮಾಡಿಸಿದೆ. ಮೂರು ವಾರ ಆದ್ಮೇಲೆ ಸಂಜೆ ಊಟಕ್ಕೆ ಮುಂಚೆ, ಹಸಿದಿರುವಾಗ ಬಾಗಿಲು ತೆಗೆದೆ. ಅರ್ಧ ಗಂಟೆ ಬಿಟ್ಟು ತಟ್ಟೆ ಬಡಿದೆ. ಬೇಲಿ ಸಂದಿಯಿಂದ ಬಾಲ ಎತ್ಕೊಂಡು ಬಂದ.

ಈಗಲೂ ಒಂದೊಂದು ದಿನ ಹಳೇ ಜಗಲಿಗೆ ಹೋಗಿ ಬಿಸಿಲು ಕಾಯಿಸಿ ಬರ್ತಾನೆ. ನಾನೂ ಆ ಕಡೆ ಹೋದ್ರೆ ಐದು ನಿಮಿಷ ಅಲ್ಲೇ ಕೂರ್ತೀನಿ, ಅವನನ್ನೇನು ಬೈಯೋದು? ಪಕ್ಕದವರು ಇನ್ನೂ ಪಾಷಾಣ ಇಟ್ಟಿಲ್ಲ, ಬೋನಿಗೇ ಏಳು ಇಲಿ ಬಿದ್ದಿವೆಯಂತೆ.

ನೀವೂ ಅಷ್ಟೆ, ಪಾಷಾಣ ಇಡೋ ಮೊದಲು ಅಕ್ಕಪಕ್ಕದ ಮನೆಗೆ ಒಂದು ಮಾತು ಹೇಳಿ. ಯಾರದೋ ಬೆಕ್ಕು ಮನೆ ದಾರಿ ಹುಡುಕ್ತಾ ಇರಬಹುದು.