ಆಸ್ಪತ್ರೆಗೆ ಗಣಕ ಬಂದ ಬಗೆ

ದೊಡ್ಡ ಆಸ್ಪತ್ರೆಯೊಂದರಲ್ಲಿ ಒಂದು ದಿನ ಕಳೆದಿದ್ದರೆ ನೀವು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಅಲ್ಲಿ ರೋಗಿಗಿಂತ ಹೆಚ್ಚು ಓಡಾಡುವುದು ಚೀಟಿ. ಹೊರರೋಗಿ ವಿಭಾಗದ ವೈದ್ಯರು ಬರೆದ ಒಂದು ಚೀಟಿ ರಕ್ತ ಪರೀಕ್ಷೆಗೆಂದು ಪ್ರಯೋಗಾಲಯಕ್ಕೆ ಹೋಗಬೇಕು. ಇನ್ನೊಂದು ಎಕ್ಸ್‌ರೇ ಕೋಣೆಗೆ, ಮತ್ತೊಂದು ಔಷಧಾಲಯಕ್ಕೆ. ಹಣ ಕಟ್ಟುವ ಕಿಟಕಿಗೆ ಬೇರೆಯದೇ ಚೀಟಿ. ರೋಗಿ ವಾರ್ಡಿಗೆ ದಾಖಲಾದರೆ ಅವನ ಹೆಸರಿನಲ್ಲೊಂದು ಕೇಸ್ ಶೀಟ್ ಹುಟ್ಟುತ್ತದೆ. ಅದು ವಾರ್ಡಿನಲ್ಲಿದ್ದಾಗ ಔಷಧಾಲಯದವರಿಗೆ ಕಾಣದು, ಶಸ್ತ್ರಚಿಕಿತ್ಸೆಯ ಕೋಣೆಗೆ ಹೋದಾಗ ವಾರ್ಡಿನ ದಾದಿಗೆ ಸಿಗದು. ಒಂದು ಕಾಗದ ಒಂದು ಕ್ಷಣದಲ್ಲಿ ಒಂದೇ ಸ್ಥಳದಲ್ಲಿ ಇರಬಲ್ಲದು. ಭೌತವಿಜ್ಞಾನ ಓದಿದವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ!

ಆಸ್ಪತ್ರೆಯ ಗಣಕ ಮಾಹಿತಿ ವ್ಯವಸ್ಥೆಯ ಇತಿಹಾಸವೆಂದರೆ ಈ ಚೀಟಿಯನ್ನು ತಪ್ಪದೆ, ತಡವಾಗದೆ, ಸರಿಯಾದ ಕೈಗೆ ಮುಟ್ಟಿಸಲು ನಡೆದ ಪ್ರಯತ್ನಗಳ ಇತಿಹಾಸ. ಗಣಕ ಲೆಕ್ಕ ಮಾಡುವ ಯಂತ್ರವೆಂದು ನಾವೆಲ್ಲ ಕಲಿತಿದ್ದೇವೆ. ಆಸ್ಪತ್ರೆಯಲ್ಲಿ ಅದಕ್ಕೆ ಬಿದ್ದ ಮುಖ್ಯ ಕೆಲಸ ಲೆಕ್ಕವಲ್ಲ; ನೆನಪಿಟ್ಟುಕೊಳ್ಳುವುದು ಮತ್ತು ನೆನಪಿಸುವುದು. ಇದು ಗೊತ್ತಾಗಲು ವರ್ಷಗಳೇ ಹಿಡಿದವು.

ಬಾಸ್ಟನ್ನಿನ ‘ಮಂಗನಬಾವು’

1960ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಗಣಕವನ್ನು ಅಳವಡಿಸುವ ಯೋಜನೆಯೊಂದು ಶುರುವಾಯಿತು. ಅದನ್ನು ಕೈಗೊಂಡ ಬಿಬಿಎನ್ ಸಂಸ್ಥೆಯನ್ನು 1948ರಲ್ಲಿ ಸ್ಥಾಪಿಸಿದವರು ಎಂಐಟಿಯ ಇಬ್ಬರು ಧ್ವನಿವಿಜ್ಞಾನ ಪ್ರಾಧ್ಯಾಪಕರು, ರಿಚರ್ಡ್ ಬೋಲ್ಟ್ ಮತ್ತು ಲಿಯೋ ಬೆರನೆಕ್. ಸಭಾಂಗಣಗಳ ಧ್ವನಿ ವಿನ್ಯಾಸ ಮಾಡುತ್ತಿದ್ದವರು ಆಸ್ಪತ್ರೆಗೆ ಬಂದದ್ದು ವಿಚಿತ್ರವೆನಿಸಬಹುದು. ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುವ ವಿಧಾನವನ್ನು ಮೊದಲು ಸಾಧಿಸಿ ತೋರಿಸಿದವರಲ್ಲಿ ಅವರೂ ಇದ್ದರು. ಪಿಡಿಪಿ-1 ಎಂಬ ಯಂತ್ರ ಒಂದು ಕಡೆ, ವಾರ್ಡುಗಳಲ್ಲಿ ಟೈಪ್‌ರೈಟರಿನಂತಹ ಟೆಲಿಟೈಪುಗಳು ಇನ್ನೊಂದು ಕಡೆ, ನಡುವೆ ದೂರವಾಣಿ ತಂತಿ. ಕಲ್ಪನೆ ಸೊಗಸಾಗಿತ್ತು. ಆದರೆ ಯಂತ್ರ ಆಗಾಗ ಕೈಕೊಡುತ್ತಿತ್ತು. ಸಂಶೋಧನಾಲಯದಲ್ಲಿ ಗಣಕ ಒಂದು ಗಂಟೆ ನಿಂತರೆ ನಾವು ಕಾಫಿ ಕುಡಿದು ಬರುತ್ತೇವೆ. ವಾರ್ಡಿನಲ್ಲಿ ಆ ಅನುಕೂಲ ಇಲ್ಲ.

ಆಸ್ಪತ್ರೆಯಲ್ಲೇ ಇದ್ದ ಹೃದಯತಜ್ಞ ಆಕ್ಟೋ ಬಾರ್ನೆಟ್ ಅವರು ಬೇರೆ ದಾರಿ ಹಿಡಿದರು. ಅವರ ಪ್ರಯೋಗಾಲಯದಲ್ಲಿ 1966-67ರಲ್ಲಿ ನೀಲ್ ಪಪಲಾರ್ಡೊ, ರಾಬರ್ಟ್ ಗ್ರೀನ್ಸ್ ಮತ್ತು ಕರ್ಟ್ ಮಾರ್ಬಲ್ ಎಂಬ ಯುವಕರು ಪಿಡಿಪಿ-7 ಎಂಬ ಚಿಕ್ಕ ಗಣಕದ ಮೇಲೆ ಹೊಸ ಭಾಷೆಯೊಂದನ್ನು ಕಟ್ಟಿದರು. ಆಸ್ಪತ್ರೆಯ ಹೆಸರನ್ನೂ ಸೇರಿಸಿ ಮಾಡಿದ ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಮಂಪ್ಸ್’ ಆಗುತ್ತದೆ, ಅಂದರೆ ನಮ್ಮ ಮಂಗನಬಾವು! ವೈದ್ಯರ ನಡುವೆ ಹುಟ್ಟಿದ ಭಾಷೆಗೆ ತಕ್ಕ ಹೆಸರೇ.

ಇದರ ಜಾಣತನ ಎಲ್ಲಿದೆ? ಫೋರ್ಟ್ರಾನ್ ಕಲಿತ ನನ್ನಂಥವರು ದತ್ತಾಂಶವನ್ನು ಸಾಲು-ಕಂಬಗಳ ಕೋಷ್ಟಕವಾಗಿ ಕಾಣುತ್ತೇವೆ. ಆಸ್ಪತ್ರೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಸಾವಿರ ಎಂದಿಟ್ಟುಕೊಳ್ಳಿ. ಒಬ್ಬ ರೋಗಿಗೆ ಅದರಲ್ಲಿ ಹತ್ತೋ ಹನ್ನೆರಡೋ ಆಗಿರುತ್ತವೆ. ಕೋಷ್ಟಕ ಮಾಡಿದರೆ ಉಳಿದ ಮನೆಗಳೆಲ್ಲ ಖಾಲಿ, ಆ ಖಾಲಿ ಮನೆಗಳಿಗೂ ದುಬಾರಿ ಸ್ಮೃತಿಕೋಶ ಬೇಕು. ಮಂಪ್ಸ್ ಭಾಷೆ ಮಾಹಿತಿಯನ್ನು ಮರದಂತೆ ಇಟ್ಟಿತು. ರೋಗಿಯ ಸಂಖ್ಯೆ ಕಾಂಡ; ಅದರಿಂದ ದಿನಾಂಕದ ಕೊಂಬೆ; ಅದರಿಂದ ‘ರಕ್ತ’ ಎಂಬ ರೆಂಬೆ; ಅದರ ತುದಿಯಲ್ಲಿ ‘ಹಿಮೋಗ್ಲೋಬಿನ್ 11.2’ ಎಂಬ ಎಲೆ. ಮಾಡದ ಪರೀಕ್ಷೆಗೆ ಕೊಂಬೆಯೇ ಇಲ್ಲ. ಹೀಗಾಗಿ ಸಣ್ಣ ಯಂತ್ರವೊಂದು ಹಲವು ಜನರಿಗೆ ಥಟ್ಟನೆ ಉತ್ತರ ಕೊಡಬಲ್ಲದಾಯಿತು.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ಈ ಭಾಷೆಯಲ್ಲಿ ದಿನಾಂಕವನ್ನು ಒಂದು ಮೂಲ ದಿನದಿಂದ ಎಣಿಸುತ್ತಾರೆ. ವಯಸ್ಸು ಬೇಕಾದರೆ ಕಳೆದರಾಯಿತು. ಆ ಎಣಿಕೆಯಲ್ಲಿ ಮೊದಲನೆಯ ದಿನ 1841ರ ಜನವರಿ 1. ಈ ದಿನವೇ ಏಕೆ? ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ, 121 ವರ್ಷದ ಒಬ್ಬ ವೃದ್ಧರ ಸುದ್ದಿಯನ್ನು ಎಲ್ಲೋ ಓದಿದ್ದು ಕಾರ್ಯಕ್ರಮ ಬರೆಯುತ್ತಿದ್ದ ಜೇಮ್ಸ್ ಪಾಯ್ಟ್ರಸ್ ಅವರ ನೆನಪಿನಲ್ಲಿತ್ತು. ಅಂಥವರು ರೋಗಿಯಾಗಿ ಬಂದರೂ ಜನ್ಮದಿನ ಋಣಸಂಖ್ಯೆ ಆಗಬಾರದೆಂದು ಅಷ್ಟು ಹಿಂದಕ್ಕೆ ಹೋದರಂತೆ. ಮಂಪ್ಸ್ ವಂಶದ ಕಾರ್ಯಕ್ರಮಗಳಲ್ಲಿ ಈಗಲೂ ದಿನಗಳ ಎಣಿಕೆ ಅಲ್ಲಿಂದಲೇ ಆರಂಭ.

ಬೆಳಕಿನ ಲೇಖನಿ

ಇದೇ ಕಾಲಕ್ಕೆ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಊರಿನ ಎಲ್ ಕಮೀನೊ ಆಸ್ಪತ್ರೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ವಿಮಾನ, ಕ್ಷಿಪಣಿ ಮಾಡುವ ಲಾಕ್‌ಹೀಡ್ ಕಂಪನಿ ಆರಂಭಿಸಿದ ಈ ಕೆಲಸವನ್ನು 1971ರಲ್ಲಿ ಟೆಕ್ನಿಕಾನ್ ಸಂಸ್ಥೆ ವಹಿಸಿಕೊಂಡಿತು. ಇಲ್ಲಿ ವೈದ್ಯರು ತಮ್ಮ ಆರ್ಡರನ್ನು ಚೀಟಿಯಲ್ಲಿ ಬರೆಯದೆ ತಾವೇ ತೆರೆಯ ಮೇಲೆ ಆರಿಸಬೇಕಿತ್ತು. ವೈದ್ಯರು ಟೈಪ್ ಮಾಡಲು ಒಪ್ಪುವರೇ? ಅದಕ್ಕೆಂದೇ ಬೆಳಕಿನ ಲೇಖನಿ. ಹೆಸರು ಹಾಗಿದ್ದರೂ ಅದು ಬೆಳಕನ್ನು ಬೀರುವುದಿಲ್ಲ, ಗ್ರಹಿಸುತ್ತದೆ. ಹಳೆಯ ಟಿವಿ ಕೊಳವೆಯಲ್ಲಿ ಇಲೆಕ್ಟ್ರಾನ್ ದೂಲವು ತೆರೆಯನ್ನು ಸಾಲುಸಾಲಾಗಿ ಗುಡಿಸುತ್ತ ಹೋಗುತ್ತದೆಯಷ್ಟೆ. ಲೇಖನಿಯ ತುದಿ ಇರುವ ಚುಕ್ಕೆ ಬೆಳಗಿದ ಕ್ಷಣವನ್ನು ಅದರೊಳಗಿನ ದ್ಯುತಿಸಂವೇದಕ ಗುರುತಿಸುತ್ತದೆ. ಕ್ಷಣ ಗೊತ್ತಾದರೆ ದೂಲ ಆಗ ಎಲ್ಲಿತ್ತೆಂಬುದು ಗೊತ್ತು; ಅಂದರೆ ಲೇಖನಿ ಎಲ್ಲಿದೆಯೆಂಬುದೂ ಗೊತ್ತು. ಕಾಲವನ್ನು ಅಳೆದು ಸ್ಥಾನವನ್ನು ತಿಳಿಯುವ ಚೆಂದದ ಉಪಾಯ.

ಮೊದಮೊದಲು ವೈದ್ಯರ ವಿರೋಧ ಜೋರಾಗಿಯೇ ಇತ್ತು. ಕ್ರಮೇಣ ಹೆಚ್ಚಿನವರು ಒಪ್ಪಿಕೊಂಡರು. ತೆರೆಯಲ್ಲಿ ಆರಿಸಿದ ಆರ್ಡರು ಔಷಧಾಲಯ, ಪ್ರಯೋಗಾಲಯ, ವಾರ್ಡುಗಳಿಗೆ ಒಟ್ಟಿಗೇ ಮುಟ್ಟುತ್ತಿತ್ತು. ವೈದ್ಯರ ಕೈಬರಹವನ್ನು ಓದುವ ಕಷ್ಟವೂ ದಾದಿಯರಿಗೆ ತಪ್ಪಿತು!

ಮರೆವಿಗೆ ಮದ್ದು

ಇಲ್ಲಿಯವರೆಗೆ ಗಣಕ ಚೀಟಿ ಒಯ್ಯುವ ಜವಾನ ಮಾತ್ರ. ಚೀಟಿಯನ್ನು ಓದಿ ಎಚ್ಚರಿಸುವ ಕೆಲಸ ಅದಕ್ಕೆ ಸಾಧ್ಯವೇ? ಸಾಲ್ಟ್ ಲೇಕ್ ಸಿಟಿಯ ಎಲ್‌ಡಿಎಸ್ ಆಸ್ಪತ್ರೆಯಲ್ಲಿ ಹೋಮರ್ ವಾರ್ನರ್ 1967ರಿಂದ ಬೆಳೆಸಿದ ‘ಹೆಲ್ಪ್’ ವ್ಯವಸ್ಥೆಯ ಗುರಿ ಅದೇ. ಪ್ರಯೋಗಾಲಯದ ಫಲಿತಾಂಶವನ್ನೂ ಔಷಧಾಲಯದ ಪಟ್ಟಿಯನ್ನೂ ಅದು ಜೊತೆಗಿಟ್ಟು ನೋಡುತ್ತಿತ್ತು. ಎರಡೂ ವಿಭಾಗಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡಿರುತ್ತವೆ. ಆದರೆ ಮೂತ್ರಪಿಂಡ ಸೋತಿದೆ ಎಂಬ ಮಾತು ಒಂದರಲ್ಲಿ, ಮೂತ್ರಪಿಂಡಕ್ಕೆ ಭಾರವಾಗುವ ಮದ್ದು ಇನ್ನೊಂದರಲ್ಲಿ! ಇದೇ ಆಸ್ಪತ್ರೆಯಿಂದ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36,653 ರೋಗಿಗಳ ದಾಖಲೆಗಳನ್ನು ಗಣಕದ ನೆರವಿನಿಂದ ಜಾಲಾಡಿದಾಗ ಔಷಧಿಯಿಂದಲೇ ಆದ 731 ತೊಂದರೆಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವನ್ನು ಸಿಬ್ಬಂದಿ ತಾವಾಗಿ ವರದಿ ಮಾಡಿರಲಿಲ್ಲ.

ನನಗೆ ಇದಕ್ಕಿಂತಲೂ ಹಿಡಿಸಿದ್ದು ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆಯ ಕ್ಲೆಮೆಂಟ್ ಮೆಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಸರಳ ಪ್ರಯೋಗ. ರೋಗಿ ಬರುವ ಮೊದಲು ಗಣಕ ಅವನ ದಾಖಲೆಯನ್ನು ನೋಡಿ, ‘ಈ ಮದ್ದು ಕೊಡುತ್ತಿದ್ದೀರಿ, ಇಂಥ ಪರೀಕ್ಷೆ ಆಗಿ ಬಹಳ ದಿನವಾಯಿತು’ ಎಂಬ ರೀತಿಯ ನೆನಪೋಲೆ ಮುದ್ರಿಸುತ್ತಿತ್ತು. ಹೌದು, ಕಾಗದದ ಮೇಲೆಯೇ. ನೆನಪೋಲೆ ಇದ್ದಾಗ ವೈದ್ಯರು ಗಮನಿಸಬೇಕಾದ ಸಂಗತಿಗಳಲ್ಲಿ ಶೇಕಡಾ 51ಕ್ಕೆ ಸ್ಪಂದಿಸಿದರು; ಇಲ್ಲದಾಗ ಶೇಕಡಾ 22ಕ್ಕೆ ಮಾತ್ರ. ಅದೇ ವೈದ್ಯರು, ಅದೇ ತಿಳಿವಳಿಕೆ. ಆದ್ದರಿಂದ ಕೊರತೆ ಇರುವುದು ವಿದ್ಯೆಯಲ್ಲಲ್ಲ, ಗಡಿಬಿಡಿಯ ನಡುವೆ ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಾಗದ ಮನುಷ್ಯ ಸ್ವಭಾವದಲ್ಲಿ ಎಂದು ಅವರು ವಾದಿಸಿದರು. ಬೋಧನೆ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆಂದು ನಂಬುವ ನಮ್ಮಂಥ ಮೇಷ್ಟ್ರುಗಳು ಈ ಮಾತನ್ನು ಗಮನಿಸಬೇಕು.

ದಾದಿ ಕಂಡ ಪಟ್ಟಿ

ಮಂಪ್ಸ್ ಬಾಸ್ಟನ್ನಿನಲ್ಲೇ ಉಳಿಯಲಿಲ್ಲ. ಅಮೆರಿಕದ ನಿವೃತ್ತ ಸೈನಿಕರ ಸರಕಾರಿ ಆಸ್ಪತ್ರೆಗಳಲ್ಲಿ 1970ರ ದಶಕದ ಕೊನೆಯಲ್ಲಿ ಕೆಲವು ವೈದ್ಯರೂ ಗಣಕ ಬಲ್ಲ ಗೆಳೆಯರೂ ಸೇರಿ ತಮ್ಮ ವಾರ್ಡಿಗೆ ಬೇಕಾದ ಸಣ್ಣಸಣ್ಣ ಕಾರ್ಯಕ್ರಮಗಳನ್ನು ಆ ಭಾಷೆಯಲ್ಲಿ ಬರೆದುಕೊಳ್ಳತೊಡಗಿದರು. ಗಣಕವೆಂದರೆ ಕೇಂದ್ರ ಕಚೇರಿಯಲ್ಲಿರುವ ದೊಡ್ಡ ಯಂತ್ರ ಎಂದು ತಿಳಿದಿದ್ದ ಮೇಲಧಿಕಾರಿಗಳು ಇದನ್ನು ತಡೆಯಲು ನೋಡಿದರು. ಕೆಲಸ ಗುಟ್ಟಾಗಿ ಮುಂದುವರಿಯಿತು. 1982ರಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿ, ಮುಂದೆ ಅದೇ ‘ವಿಸ್ಟಾ’ ಎಂಬ ವ್ಯವಸ್ಥೆಯಾಗಿ ದೇಶದಾದ್ಯಂತ ಹರಡಿತು. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಊರು ಬಿಟ್ಟು ಹೋದ ಸೈನಿಕರ ದಾಖಲೆಗಳು ಬೇರೆ ಊರಿನ ಆಸ್ಪತ್ರೆಗಳಲ್ಲಿ ತೆರೆಯ ಮೇಲೆ ಸಿಕ್ಕವು. ನಗರದಲ್ಲಿ ಕಾಗದದ ಕಡತಗಳೋ ನೀರುಪಾಲಾಗಿದ್ದವು.

ಇದಕ್ಕೆ ಸೇರಿದ ಒಂದು ಅಂಗ ದಾದಿಯೊಬ್ಬರ ಕೊಡುಗೆ. ಕಾನ್ಸಸ್ ರಾಜ್ಯದ ಟೊಪೀಕಾದ ಸ್ಯೂ ಕಿನಿಕ್ 1990ರ ದಶಕದ ಆರಂಭದಲ್ಲಿ ಬಾಡಿಗೆ ಕಾರನ್ನು ಹಿಂತಿರುಗಿಸುವ ಕಡೆ ಸಿಬ್ಬಂದಿ ಕೈಯಂತ್ರದಿಂದ ಕಾರಿನ ಪಟ್ಟಿ ಸಂಕೇತವನ್ನು, ಅಂದರೆ ಬಾರ್‌ಕೋಡನ್ನು ಓದುವುದನ್ನು ಕಂಡರು. ಕಾರಿಗೆ ಆಗುವುದು ಮದ್ದಿಗೆ ಏಕಾಗದು? ರೋಗಿಯ ಮಣಿಕಟ್ಟಿನ ಪಟ್ಟಿಯನ್ನೂ ಔಷಧಿಯ ಪೊಟ್ಟಣವನ್ನೂ ಓದಿಸಿ, ಎರಡೂ ಹೊಂದಿದರೆ ಮಾತ್ರ ಕೊಡುವುದು. ಆ ದಶಕ ಮುಗಿಯುವ ಹೊತ್ತಿಗೆ ಇದು ಆ ಎಲ್ಲ ಆಸ್ಪತ್ರೆಗಳಿಗೂ ಹೋಗತೊಡಗಿತು.

ವಿಕಿರಣ ವಿಭಾಗದ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ. ಒಂದು ಕಂಪನಿಯ ಸ್ಕ್ಯಾನರಿನ ಚಿತ್ರ ಇನ್ನೊಂದು ಕಂಪನಿಯ ತೆರೆಯಲ್ಲಿ ತೆರೆದುಕೊಳ್ಳುವಂತೆ 1985ರಲ್ಲಿ ಒಂದು ಮಾನಕ ಬಂದು, 1993ರಲ್ಲಿ ಅದು ‘ಡೈಕಾಮ್’ ಆಯಿತು. ವಿಭಾಗಗಳ ನಡುವಿನ ಸಂದೇಶಗಳಿಗೆ 1987ರಲ್ಲಿ ‘ಎಚ್‌ಎಲ್7’ ಹುಟ್ಟಿತು ಎಂದಷ್ಟೇ ಇಲ್ಲಿ ಹೇಳಬಹುದು.

ಪಿಟ್ಸ್‌ಬರ್ಗಿನ ಮಕ್ಕಳು

ಎಲ್ಲ ಕಡೆಯೂ ಸುಖಾಂತವಾಗಲಿಲ್ಲ. ಪಿಟ್ಸ್‌ಬರ್ಗ್ ಮಕ್ಕಳ ಆಸ್ಪತ್ರೆಯಲ್ಲಿ 2002ರ ಅಕ್ಟೋಬರಿನಲ್ಲಿ ಆರು ದಿನಗಳೊಳಗೆ ಇಡೀ ಆಸ್ಪತ್ರೆಯನ್ನು ಗಣಕದ ಆರ್ಡರಿಗೆ ಬದಲಿಸಲಾಯಿತು. ಬೇರೆ ಆಸ್ಪತ್ರೆಗಳಿಂದ ವಿಶೇಷ ಚಿಕಿತ್ಸೆಗಾಗಿ ಕಳಿಸಲ್ಪಟ್ಟ ಮಕ್ಕಳಲ್ಲಿ ಸಾವಿನ ಪ್ರಮಾಣ ಹಿಂದಿನ 13 ತಿಂಗಳಲ್ಲಿ ಶೇಕಡಾ 2.80 ಇದ್ದದ್ದು ನಂತರದ 5 ತಿಂಗಳಲ್ಲಿ ಶೇಕಡಾ 6.57 ಆಯಿತು. ಅಲ್ಲಿನ ವೈದ್ಯರೇ 2005ರಲ್ಲಿ ಇದನ್ನು ಪ್ರಕಟಿಸಿದರು. ಆ ಪ್ರಾಮಾಣಿಕತೆ ದೊಡ್ಡದು.

ಕಾರಣಗಳನ್ನು ನೋಡಿ. ಹಿಂದೆ ಮಗು ಆಂಬ್ಯುಲೆನ್ಸಿನಲ್ಲಿರುವಾಗಲೇ ಫೋನಿನಲ್ಲಿ ಸ್ಥಿತಿ ಕೇಳಿ ಚೀಟಿ ಬರೆದು ಮದ್ದು ಸಿದ್ಧ ಮಾಡಿಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು ನೋಂದಣಿಯಾಗುವ ತನಕ ಆರ್ಡರು ಹಾಕಲು ಬರುತ್ತಿರಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಗೀಚುತ್ತಿದ್ದ ಆರ್ಡರಿಗೆ ಹತ್ತಾರು ಸಲ ಒತ್ತಿ ಒಂದೆರಡು ನಿಮಿಷ ಬೇಕಾಯಿತು. ತುರ್ತು ನಿಗಾ ಘಟಕದಲ್ಲೇ ಕೈಗೆಟುಕುತ್ತಿದ್ದ ಔಷಧಿಗಳನ್ನು ಕೇಂದ್ರ ಔಷಧಾಲಯಕ್ಕೆ ಒಯ್ದಿದ್ದರು. ವೈದ್ಯರೂ ದಾದಿಯರೂ ಮಂಚದ ಬಳಿ ಇರುವ ಬದಲು ತೆರೆಯ ಮುಂದೆ ನಿಂತರು. ಗಣಕ ಎಲ್ಲಿಯೂ ತಪ್ಪು ಲೆಕ್ಕ ಮಾಡಲಿಲ್ಲ ಎಂಬುದನ್ನು ಗಮನಿಸಿ.

ಸಿಯಾಟಲ್‌ನ ಮಕ್ಕಳ ಆಸ್ಪತ್ರೆ ಅದೇ ಕಂಪನಿಯ ತಂತ್ರಾಂಶವನ್ನು ಬಳಸಿತು. ಆರ್ಡರುಗಳ ಸಿದ್ಧ ಕಟ್ಟುಗಳನ್ನು ಮುಂಚೆಯೇ ಮಾಡಿಟ್ಟುಕೊಂಡು, ಪಿಟ್ಸ್‌ಬರ್ಗಿನ ಅನುಭವ ಕೇಳಿ ತಿಳಿದುಕೊಂಡು ಮುಂದುವರಿಯಿತು. ಅಲ್ಲಿ ಸಾವಿನ ಪ್ರಮಾಣ ಏರಲಿಲ್ಲವೆಂದು 2006ರ ವರದಿ ಹೇಳುತ್ತದೆ. ಕ್ಯಾಲಿಫೋರ್ನಿಯದ ಲುಸೀಲ್ ಪ್ಯಾಕರ್ಡ್ ಮಕ್ಕಳ ಆಸ್ಪತ್ರೆಯಲ್ಲಿ ಗಣಕದ ಆರ್ಡರು ಬಂದ ಮೇಲೆ ಸಾವು ಶೇಕಡಾ 20ರಷ್ಟು ಇಳಿದದ್ದು 2010ರಲ್ಲಿ ವರದಿಯಾಯಿತು. ಯಂತ್ರದ ಗುಣ-ದೋಷವನ್ನು ಯಂತ್ರದಲ್ಲಷ್ಟೇ ಹುಡುಕುವವರಿಗೆ ಈ ಮೂರು ಅಂಕಿಗಳು ಅರ್ಥವಾಗುವುದಿಲ್ಲ.

ನಿವೃತ್ತ ಸೈನಿಕರ ಆಸ್ಪತ್ರೆಗಳಿಗೂ ಇಂಥದೇ ಪೆಟ್ಟು ಬಿತ್ತು. ವಿಸ್ಟಾದ ಬದಲು ಕೊಂಡುತಂದ ಹೊಸ ವ್ಯವಸ್ಥೆ 2020ರಲ್ಲಿ ಸ್ಪೋಕೇನ್ ಊರಿನಲ್ಲಿ ಮೊದಲು ಚಾಲನೆಗೊಂಡಿತು. ವಿಳಾಸ ಹೊಂದದ ಆರ್ಡರುಗಳು ಯಾರೂ ನೋಡದ ಒಂದು ಸರದಿಗೆ ಹೋಗಿ ಕೂರುತ್ತಿದ್ದವು. ಹಾಗೆ ಕಳೆದುಹೋದವು 11,000ಕ್ಕೂ ಹೆಚ್ಚು, ಅದರಿಂದ 149 ರೋಗಿಗಳಿಗೆ ಹಾನಿಯಾಯಿತೆಂದು ಸರಕಾರಿ ತಪಾಸಣಾಧಿಕಾರಿಗಳು 2022ರಲ್ಲಿ ವರದಿ ಕೊಟ್ಟರು. ಕಾಗದದ ಚೀಟಿ ಕಳೆದರೆ ಮೇಜಿನ ಕೆಳಗಾದರೂ ಸಿಕ್ಕೀತು!

ನಮ್ಮಲ್ಲಿ

ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ಜೊತೆಗೂಡಿ ದೇಶೀಯ ಆಸ್ಪತ್ರೆ ಮಾಹಿತಿ ವ್ಯವಸ್ಥೆಯನ್ನು ರೂಪಿಸಿ 1998ರಲ್ಲಿ ಜಾರಿಗೆ ತಂದಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ‘ಇ-ಹಾಸ್ಪಿಟಲ್’ ಮತ್ತು ಮನೆಯಿಂದಲೇ ಸರದಿ ಕಾಯ್ದಿರಿಸುವ ಸೌಲಭ್ಯ 2015ರಲ್ಲಿ ಮೊದಲು ದೊರೆತ ಕೆಲವೇ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಘೋಷಣೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆ ಕೊಡುವ ಕೆಲಸ ಹಿಡಿಯಿತು. ಒಂದು ಆಸ್ಪತ್ರೆಯ ದಾಖಲೆ ರೋಗಿ ಒಪ್ಪಿದರೆ ಇನ್ನೊಂದು ಆಸ್ಪತ್ರೆಗೆ ಕಾಣಬೇಕೆಂಬುದು ಅದರ ಉದ್ದೇಶ. ಮುಂದಿನ ಸಲ ನಿಮಗೆ ಆ ಸಂಖ್ಯೆ ಕೇಳಿದಾಗ ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೀರಿ ಎಂಬುದನ್ನು ವಿಚಾರಿಸಿಕೊಳ್ಳಿ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ ದಾಳಿ ನಡೆಯಿತು. ದುಷ್ಕರ್ಮಿಗಳು ಒಳನುಗ್ಗಿ ದತ್ತಾಂಶವನ್ನೆಲ್ಲ ಯಾರೂ ಓದಲಾಗದಂತೆ ಸಂಕೇತಗೊಳಿಸಿದ್ದರು. ನೋಂದಣಿ, ದಾಖಲಾತಿ, ಬಿಲ್ಲು, ಪ್ರಯೋಗಾಲಯದ ವರದಿ ಎಲ್ಲವೂ ಮತ್ತೆ ಕೈಬರಹಕ್ಕೆ ಬಂದವು. ಹೊರಗೆ ಸಾಲುಗಳು ಉದ್ದವಾದವು. ಚೀಟಿಗಳನ್ನು ಹಿಡಿದು ವಿಭಾಗದಿಂದ ವಿಭಾಗಕ್ಕೆ ಓಡಾಡುವ ಕೆಲಸ ರೋಗಿಗಳ ಕಡೆಯವರಿಗೆ ಮರಳಿತು. ಗಣಕದ ಮೂಲಕ ನೋಂದಣಿ ಪುನಃ ಆರಂಭವಾಗಲು ಸುಮಾರು ಎರಡು ವಾರ ಹಿಡಿಯಿತು.